ಕುರುಂದವಾಡದ ಭೂಗಂಧರ್ವ

ಶಿಲ್ಪಿಯು ಕಡೆದ ವಿಗ್ರಹವು ಶಿಲ್ಪಿಯು ಗತಿಸಿದ ಬಳಿಕವೂ ನಿಂತಿರುವದು. ಕವಿಯು ಬರೆದ ಕಾವ್ಯವು ಓಲೆಯ ಮೇಲಾಗಲಿ ಕಾಗದದ ಮೇಲಾಗಲಿ ಉಳಿದು ಅವನ ಹೆಸರನ್ನು ಹೇಳುವದು. ಗಾಯಕನ ಗತಿಯು ಹಾಗಲ್ಲ. ಅವನ ಕಂಠದಿಂದ ಹೊರಟ ಸ್ವರವು ಕೇಳಿದವರ ಕಿವಿಯನ್ನು ಮುಟ್ಟಿ ಅಲ್ಲಿಯೇ ಅಡಗಿಹೋಗುವದು. ಕೇಳಿದವರು ಬದುಕಿರುವವರೆಗೆ ಅದರ ನೆನಪು. ಅವರೂ ಹೋದ ಮೇಲೆ ಬರಿಯ ಕಥೆ. ಆದುದರಿಂದ ಒಂದು ಪ್ರಾಂತದ ಅರಸುಮನೆತನಗಳ ಇತಿಹಾಸವನ್ನು ಬರೆಯುವದಕ್ಕಿಂತ ಅದರ ಸಂಗೀತದ ಇತಿಹಾಸವನ್ನು ಬರೆಯುವದು ಕಠಿಣತರವಾದ ಕಾರ್ಯ. ರಾಯಬಾಗದಲ್ಲಿ ರಟ್ಟರ ಕಾಲದ ಶಾಸನವನ್ನು ಇಂದಿಗೂ ಓದಬಹುದು. ಆ ರಟ್ಟರ ಸಭೆಯಲ್ಲಿ ಹಾಡಿದವರ ಒಂದು ಸ್ವರವನ್ನಾದರೂ ಕೇಳುವ ಉಪಾಯವಿಲ್ಲ.

ಈ ನಿಯಮಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಅಪವಾದವು ಹುಟ್ಟಿತು. ಅರಗಿನ ಒಂದು ತಟ್ಟೆಯ ಮೇಲೆ ಕೂದಲೆಳೆಯಂಥ ಗೀರುಗಳಲ್ಲಿ ಮನುಷ್ಯನ ಕಂಠವನ್ನು ಕಾದಿಡುವ ವಿದ್ಯೆಯು ಆಗ ಹಿಂದೂಸ್ಥಾನಕ್ಕೆ ಬಂದಿತು. ಆ ತಟ್ಟೆಯು ಎಲ್ಲರಿಗೂ ಸಮನಾಗಿ ಒಲಿಯಲಿಲ್ಲ. ಕೆಲವರು ಅದನ್ನು ಅಪ್ಪಿಕೊಂಡರು, ಕೆಲವರು ದೂರವಿಟ್ಟರು, ಬಹು ಮಂದಿಯ ಬಾಗಿಲಿಗೆ ಅದು ಬರಲೇ ಇಲ್ಲ. ಕೃಷ್ಣಾ-ಪಂಚಗಂಗೆಗಳ ಸಂಗಮದ ಬಳಿಯ ಕುರುಂದವಾಡವೆಂಬ ಸಣ್ಣ ಊರಿನಲ್ಲಿ ಇ.ಸ. ೧೯೨೨ರಲ್ಲಿ ದೇಹವಿಟ್ಟ ರಹಿಮತಖಾನರ ಕಥೆಯು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಒಂದು ಸರ್ಕಸ್ ಮಂಡಳಿಯೊಡನೆ ದೇಶ ಸುತ್ತಿದ ಈ ಗವಾಯಿಗಳ ಹೆಸರು ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಲ್ಲಿ ವಿರಳವಾಗಿ ಕೇಳಬರುತ್ತದೆ. ಆದರೆ ಈ ಭಾಗದವರು ತಮ್ಮದೆಂದು ಹೆಮ್ಮೆಪಡುವ ಗಾಯನದ ಬೇರುಗಳಲ್ಲಿ ಒಂದು ಅವರ ಕಂಠದಲ್ಲಿದೆ. ಅದಕ್ಕೆ ಸಾಕ್ಷಿಯಾಗಿ ಉಳಿದದ್ದು ಬೆರಳೆಣಿಕೆಯ ತಟ್ಟೆಗಳು.

ಕಥೆಗೆ ಮೊದಲು ನೆಲದ ಪರಿಚಯವು ಅವಶ್ಯ. ಕೃಷ್ಣೆಯು ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ಯಡೂರು ಅಂಕಲಿಗಳ ಕಡೆಗೆ ಇಳಿದು, ಕುಡಚಿಯನ್ನು ದಾಟಿ ಅಥಣಿಯ ಸೀಮೆಗೆ ಹರಿಯುತ್ತದೆ. ಇಂದು ಈ ಹರಿವಿನ ಮೇಲ್ಭಾಗವು ಒಂದು ರಾಜ್ಯ, ಕೆಳಭಾಗವು ಇನ್ನೊಂದು ರಾಜ್ಯ. ನೂರು ವರ್ಷಗಳ ಹಿಂದೆ ಇಂಥ ಗೆರೆಯಿರಲಿಲ್ಲ. ಇದಕ್ಕಿಂತ ತೊಡಕಾದ ಬೇರೆ ಗೆರೆಗಳಿದ್ದವು. ಚಿಕ್ಕೋಡಿ ಅಥಣಿಗಳು ಮುಂಬಯಿ ಇಲಾಖೆಯ ತಾಲೂಕುಗಳು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಮಹಾಲು. ಮಿರಜ, ಸಾಂಗಲಿ, ಜಮಖಂಡಿ, ಕುರುಂದವಾಡಗಳು ಪಟವರ್ಧನ ಸರದಾರರ ಸಂಸ್ಥಾನಗಳು. ಕುರುಂದವಾಡವೊಂದರಲ್ಲಿಯೇ ಹಿರಿಯ, ಕಿರಿಯ ಎಂದು ಎರಡು ಗಾದಿಗಳಿದ್ದವು. ಪಟವರ್ಧನರ ಸಂಸ್ಥಾನಗಳು ೧೯೪೮ರಲ್ಲಿಯೂ ಕೊಲ್ಹಾಪುರವು ೧೯೪೯ರಲ್ಲಿಯೂ ಮುಂಬಯಿ ಪ್ರಾಂತದಲ್ಲಿ ಲೀನವಾದವು; ೧೯೫೬ರ ನವೆಂಬರ ೧ರಂದು ಇಂದಿನ ಗೆರೆಯು ಬಿದ್ದಿತು. ಆದರೆ ಆ ಹಿಂದಿನ ಕಾಲದಲ್ಲಿ ಒಬ್ಬ ಗವಾಯಿಗೆ ಒಂದು ದಿನದ ದಾರಿಯಲ್ಲಿ ನಾಲ್ಕಾರು ದರಬಾರುಗಳು ಸಿಕ್ಕುತ್ತಿದ್ದವು. ರಾಜ್ಯಗಳು ಚಿಕ್ಕವು, ಆದಾಯವು ಚಿಕ್ಕದು; ಆದರೆ ಪ್ರತಿಯೊಬ್ಬ ಸಂಸ್ಥಾನಿಕರಿಗೂ ಆನೆ ಕುದುರೆಗಳಂತೆ ಒಬ್ಬ ಒಳ್ಳೇ ಗವಾಯಿಯೂ ತಮ್ಮಲ್ಲಿರಬೇಕೆಂಬ ಅಭಿಮಾನವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೇಲ್ವೆಯ ಹಾದಿಯು ಮಿರಜದಿಂದ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡುಗಳನ್ನು ಹಾಯ್ದು ಬೆಳಗಾವಿಗೆ ಬಂದ ಬಳಿಕ ಈ ಸಂಚಾರವು ಇನ್ನಷ್ಟು ಸುಲಭವಾಯಿತು. ೧೮೯೧ರಲ್ಲಿ ಮಿರಜದಿಂದ ಕೊಲ್ಹಾಪುರಕ್ಕೂ ಗಾಡಿ ಓಡತೊಡಗಿತು.

ಈ ನೆಲಕ್ಕೆ ಗ್ವಾಲಿಯರದ ಖ್ಯಾಲ ಗಾಯನವನ್ನು ತಂದು ನೆಟ್ಟವರಲ್ಲಿ ಅಗ್ರಗಣ್ಯರು ಬಾಳಕೃಷ್ಣಬುವಾ ಇಚಲಕರಂಜೀಕರರು (೧೮೪೯-೧೯೨೬). ಅವರು ಉತ್ತರದಲ್ಲಿ ಗುರುಸೇವೆ ಮಾಡಿ ವಿದ್ಯೆ ಸಂಪಾದಿಸಿ ಮಿರಜದಲ್ಲಿಯೂ ಆಮೇಲೆ ಇಚಲಕರಂಜಿಯಲ್ಲಿಯೂ ನೆಲಸಿದರು. ಕುರುಂದವಾಡದಲ್ಲಿ ೧೮೭೨ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸಕರರು ಇವರ ಬಳಿಯಲ್ಲಿಯೇ ಕಲಿತು, ೧೯೦೧ರಲ್ಲಿ ದೂರದ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ದರಬಾರಿನ ವಿದ್ಯೆಯನ್ನು ಮಧ್ಯಮವರ್ಗದ ಮನೆಮನೆಗೆ ತಲುಪಿಸಿದರು. ಇದು ಎಲ್ಲರೂ ಬಲ್ಲ ವಿಷಯ. ಅದೇ ಗ್ವಾಲಿಯರದ ಇನ್ನೊಂದು ಕವಲು ಅದೇ ಕುರುಂದವಾಡಕ್ಕೆ ಬಂದ ಬಗೆಯು ಮಾತ್ರ ಅಷ್ಟು ಪ್ರಸಿದ್ಧವಾಗಿಲ್ಲ. ಅದು ಬಂದದ್ದು ಕುದುರೆಯ ಬೆನ್ನಿನ ಮೇಲೆ.

ವಿಷ್ಣುಪಂತ ಛತ್ರೆಯವರು ಕೃಷ್ಣಾತೀರದವರು. ಬಾಲ್ಯದಿಂದಲೂ ಅವರಿಗೆ ಎರಡು ಹುಚ್ಚುಗಳು: ಒಂದು ಕುದುರೆ, ಇನ್ನೊಂದು ಗಾಯನ. ಎರಡಕ್ಕೂ ಗುರುಗಳನ್ನು ಹುಡುಕಿಕೊಂಡು ಅವರು ಗ್ವಾಲಿಯರಕ್ಕೆ ಹೋದರು. ಅಲ್ಲಿ ಅಶ್ವವಿದ್ಯೆಯನ್ನು ಕಲಿತರು. ಜೊತೆಗೆ ಖ್ಯಾಲ ಗಾಯನದ ಆಚಾರ್ಯರೆನಿಸಿದ ಹದ್ದೂಖಾನರ ಪಾದದ ಬಳಿ ಕುಳಿತು ಸಂಗೀತವನ್ನೂ ಕಲಿತರು. ಹಿಂದೂ ಶಿಷ್ಯನೂ ಮುಸಲ್ಮಾನ ಗುರುವೂ ಆಗಿದ್ದ ಈ ಸಂಬಂಧವು ಆ ಕಾಲದ ಸಂಗೀತಲೋಕದಲ್ಲಿ ಅಪೂರ್ವವಾದದ್ದೇನೂ ಅಲ್ಲ. ಆದರೆ ಈ ಗುರುಋಣವು ಮುಂದೆ ತೀರಿದ ರೀತಿಯು ನಿಜವಾಗಿಯೂ ಅಪೂರ್ವವಾದದ್ದು.

ದಕ್ಷಿಣಕ್ಕೆ ಮರಳಿ ಸಂಸ್ಥಾನಿಕರ ಆಶ್ರಯದಲ್ಲಿ ಕುದುರೆಗಳನ್ನು ಪಳಗಿಸುತ್ತಿದ್ದ ವಿಷ್ಣುಪಂತರು ಮುಂಬಯಿಗೆ ಬಂದಿದ್ದ ಕಿಯಾರಿನಿ ಎಂಬ ಇಟಲಿಯವನ ಸರ್ಕಸ್ಸನ್ನು ನೋಡಿದರು. ಇಂಥ ಆಟವನ್ನು ಹಿಂದೂಸ್ಥಾನದವರು ಮಾಡಲಾರರೆಂಬ ಮಾತು ಅವರಿಗೆ ಸವಾಲಾಯಿತೆಂದು ಸರ್ಕಸ್ಸಿನ ಇತಿಹಾಸಕಾರರು ಹೇಳುತ್ತಾರೆ. ೧೮೮೦ರಲ್ಲಿ ಮುಂಬಯಿಯಲ್ಲಿಯೇ ಅವರು ತಮ್ಮ 'ಗ್ರೇಟ್ ಇಂಡಿಯನ್ ಸರ್ಕಸ್'ಅನ್ನು ಜನರೆದುರಿಗೆ ತಂದರು. ಹಿಂದೀ ಮನುಷ್ಯನು ಕಟ್ಟಿ ನಡೆಸಿದ ಮೊದಲನೆಯ ಸರ್ಕಸ್ ಮಂಡಳಿಯೆಂದು ಇದನ್ನು ಗಣಿಸುತ್ತಾರೆ. ಮಂಡಳಿಯು ಉತ್ತರ ದಕ್ಷಿಣಗಳಲ್ಲೆಲ್ಲ ಸಂಚರಿಸಿತು. ಮಲಬಾರದ ತಲಚೇರಿಗೆ ಹೋದಾಗ ಅಲ್ಲಿಯ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮಶಿಕ್ಷಕರ ಪರಿಚಯವಾಗಿ, ಕೇರಳದ ಸರ್ಕಸ್ ಪರಂಪರೆಯೇ ಅದರಿಂದ ಮೊಳೆಯಿತು. ಈ ಕಡೆಗೆ ಕಾಗವಾಡಕ್ಕೆ ನೆರೆಯ ಮ್ಹೈಸಾಳದ ದೇವಲ ಸರ್ಕಸ್ಸು ಮುಂತಾದ ಹಲವು ಮಂಡಳಿಗಳು ಹುಟ್ಟಿದವು. ಕೃಷ್ಣಾತೀರವು ಒಂದು ಕಾಲಕ್ಕೆ ದೇಶಕ್ಕೆಲ್ಲ ಸರ್ಕಸ್ಸಿನ ತವರಾಗಿತ್ತೆಂಬುದನ್ನು ಇಂದಿನವರು ಮರೆತೇಬಿಟ್ಟಿದ್ದಾರೆ.

ಇತ್ತ ಗ್ವಾಲಿಯರದಲ್ಲಿ ಹದ್ದೂಖಾನರು ತೀರಿಕೊಂಡರು. ಅವರ ಮಗ ರಹಿಮತಖಾನರು ತಂದೆಯ ವಿದ್ಯೆಯನ್ನೆಲ್ಲ ಕಂಠಗತ ಮಾಡಿಕೊಂಡವರಾದರೂ ಸಂಸಾರದ ವ್ಯವಹಾರವನ್ನು ಅರಿಯದವರು. ತಂದೆಯೂ ಅಣ್ಣನೂ ಹೋದ ದುಃಖದಿಂದ ಮನಸ್ಸಿನ ಸಮತೋಲವು ಕದಡಿತು. ಅಫೀಮಿನ ಚಟವು ಅಂಟಿತು. ಅವರು ಊರು ಬಿಟ್ಟು ಎಲ್ಲೆಂದರಲ್ಲಿ ಅಲೆಯತೊಡಗಿದರು. ಸರ್ಕಸ್ ಮಂಡಳಿಯೊಡನೆ ಕಾಶಿಗೆ ಹೋಗಿದ್ದ ವಿಷ್ಣುಪಂತರು ಬೀದಿಯಲ್ಲಿ ಹರಕು ಬಟ್ಟೆಯ ಫಕೀರನೊಬ್ಬನು ಹಾಡುವದನ್ನು ಕೇಳಿ, ಆ ಗಾಯನದಲ್ಲಿ ತಮ್ಮ ಗುರುವಿನ ಧಾಟಿಯನ್ನು ಗುರುತಿಸಿ, ಮುಖವನ್ನು ನೋಡಿ ಗುರುಪುತ್ರನೆಂದು ತಿಳಿದು ಕೈಹಿಡಿದು ಕರೆತಂದರೆಂಬ ಕಥೆಯು ಸಂಗೀತಗಾರರಲ್ಲಿ ಮನೆಮಾತಾಗಿದೆ. ಕಥೆಯ ಅಲಂಕಾರಗಳನ್ನು ತೆಗೆದಿಟ್ಟರೂ ತಿರುಳು ಉಳಿಯುತ್ತದೆ: ಅಂದಿನಿಂದ ರಹಿಮತಖಾನರ ಅನ್ನ, ವಸ್ತ್ರ, ಔಷಧಗಳ ಭಾರವೆಲ್ಲ ಛತ್ರೆಯವರ ಮನೆತನದ ಮೇಲೆ ಬಿದ್ದಿತು, ಆ ಮನೆತನವು ಅದನ್ನು ಖಾನರ ಕೊನೆಯುಸಿರಿನವರೆಗೂ ಹೊತ್ತಿತು.

ಹೀಗೆ ಸಿಂಹ, ಹುಲಿ, ಕುದುರೆಗಳ ಜೊತೆಗೆ ಒಬ್ಬ ಗಂಧರ್ವನೂ ಡೇರೆಯಿಂದ ಡೇರೆಗೆ ಸಂಚರಿಸತೊಡಗಿದನು. ಸರ್ಕಸ್ಸು ಹೋದ ಊರುಗಳಲ್ಲಿ ಖಾನರ ಗಾಯನದ ಬೈಠಕುಗಳು ನಡೆಯುತ್ತಿದ್ದವು. ಡೇರೆಯ ಆಟವನ್ನು ನೋಡಿದ ಜನವೇ ಬೇರೆ, ಬೈಠಕಿಗೆ ಬಂದು ಕುಳಿತ ಜನವೇ ಬೇರೆ; ಆದರೆ ಎರಡನ್ನೂ ಹೊತ್ತು ತಂದ ಮಂಡಳಿಯು ಒಂದೇ. ಒಬ್ಬ ದರಬಾರದ ಗವಾಯಿಯನ್ನು ಒಂದೇ ಊರಿನ ಸರದಾರರು ಕೇಳುತ್ತಾರೆ. ರಹಿಮತಖಾನರನ್ನಾದರೋ ಒಂದು ಸಂಚಾರಿ ಮಂಡಳಿಯ ಕಾರಣದಿಂದ ದೇಶದ ನಾನಾ ಮೂಲೆಗಳ ಗಾಯಕರು ಕೇಳುವಂತಾಯಿತು. ನೇಪಾಳದ ದರಬಾರಿನಲ್ಲಿ ಅವರಿಗೆ 'ಭೂಗಂಧರ್ವ' ಎಂಬ ಬಿರುದು ದೊರೆಯಿತೆಂದು ಪರಂಪರೆಯು ಹೇಳುತ್ತದೆ. ಇಷ್ಟಾದರೂ ಅವರು ಬಿರುದು ಬಾವಲಿಗಳ ಗೊಡವೆಯಿಲ್ಲದ ಮನುಷ್ಯರು. ಹಾಡುವದಕ್ಕೆ ಕುಳಿತರೆ ಸಭೆಯನ್ನು ಮರೆಯುವರು. ಏಳಬೇಕೆನಿಸಿದರೆ ಸಭೆಯನ್ನು ಬಿಟ್ಟು ಏಳುವರು. ಅವರ ಮನಸ್ಸಿನ ಹದವನ್ನು ಬಲ್ಲ ಛತ್ರೆ ಬಂಧುಗಳ ಆರೈಕೆ ಇಲ್ಲದಿದ್ದರೆ ಆ ಗಾಯನವು ಕಾಶಿಯ ಬೀದಿಯಲ್ಲಿಯೇ ಕೊನೆಗಾಣುತ್ತಿದ್ದಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಷ್ಣುಪಂತರು ಕಾಲವಾದರು. ಅವರ ತಮ್ಮ ಕಾಶೀನಾಥಪಂತರು ಮಂಡಳಿಯ ಜೊತೆಗೆ ಖಾನರನ್ನು ನೋಡಿಕೊಳ್ಳುವ ವ್ರತವನ್ನೂ ಮುಂದುವರಿಸಿದರು. ವಾರ್ಧಕ್ಯದಲ್ಲಿ ಖಾನರು ಕುರುಂದವಾಡದಲ್ಲಿ ನಿಂತರು. ಗ್ವಾಲಿಯರದ ಸಂಸ್ಕಾರದಲ್ಲಿ ಬೆಳೆದ ಗವಾಯಿಯ ಕೊನೆಯ ದಿನಗಳು ಹೀಗೆ ಕನ್ನಡ ಮರಾಠಿಗಳು ಒಂದೇ ಬಾವಿಯ ನೀರನ್ನು ಸೇದುವ ಒಂದು ಸಣ್ಣ ಊರಿನಲ್ಲಿ ಕಳೆದವು. ಅವರು ಹೆಸರು ಹೇಳುವಂಥ ಶಿಷ್ಯಪರಂಪರೆಯನ್ನು ಬೆಳೆಸಲಿಲ್ಲ. ಕುಳಿತು ಪಾಠ ಹೇಳುವ ವ್ಯವಧಾನವು ಅವರ ಸ್ವಭಾವದಲ್ಲಿರಲಿಲ್ಲ. ಗ್ರಂಥವನ್ನು ಬರೆಯಿಸಲಿಲ್ಲ. ಆದುದರಿಂದ ೧೯೨೨ರಲ್ಲಿ ಅವರು ಕಣ್ಣು ಮುಚ್ಚಿದಾಗ ಹದ್ದೂಖಾನರ ಮಗನ ಗಾಯನವು ಕಥೆಯಾಗಿ ಮಾತ್ರ ಉಳಿಯಬೇಕಾಗಿತ್ತು. ಅದಕ್ಕೆ ಸ್ವಲ್ಪ ಮೊದಲು, ೧೯೨೦ರ ಸುಮಾರಿಗೆ, ಗ್ರಾಮೋಫೋನ ಕಂಪನಿಯು ಅವರ ಕೆಲವು ಚೀಜುಗಳನ್ನು ತಟ್ಟೆಗಳ ಮೇಲೆ ಮುದ್ರಿಸಿಕೊಂಡಿತು. ಇಂದು ರಹಿಮತಖಾನರೆಂದರೆ ಆ ತಟ್ಟೆಗಳೇ.

ಆ ಕಾಲದ ಧ್ವನಿಮುದ್ರಣದ ಕ್ರಮವನ್ನು ತಿಳಿಯದಿದ್ದರೆ ಆ ತಟ್ಟೆಗಳ ಯೋಗ್ಯತೆಯು ತಿಳಿಯುವದಿಲ್ಲ. ಹಿಂದೂಸ್ಥಾನದಲ್ಲಿ ಗ್ರಾಮೋಫೋನ ಕಂಪನಿಯ ಮುದ್ರಣವು ಮೊದಲಾದದ್ದು ೧೯೦೨ರಲ್ಲಿ, ಕಲಕತ್ತೆಯಲ್ಲಿ. ಗೌಹರ ಜಾನರ ತಟ್ಟೆಗಳು ಆಗಿನವು. ವಿದ್ಯುತ್ತಿನ ಸಹಾಯದಿಂದ ಮುದ್ರಿಸುವ ಪದ್ಧತಿಯು ೧೯೨೫ರಲ್ಲಿ ಬಂದಿತು. ಅದಕ್ಕೆ ಮೊದಲು ಎಲ್ಲವೂ ಗಾಳಿಯ ಬಲದಿಂದಲೇ ನಡೆಯಬೇಕು. ಗಾಯಕನು ಒಂದು ದೊಡ್ಡ ಕಹಳೆಯಂಥ ಕೊಳವೆಯ ಬಾಯಿಗೆ ತನ್ನ ಬಾಯಿಯನ್ನು ಸಮೀಪಿಸಿ ಹಾಡುವನು. ಕೊಳವೆಯ ತುದಿಯಲ್ಲಿಯ ತೆಳುವಾದ ಪರದೆಯು ಆ ಗಾಳಿಯಿಂದ ನಡುಗುವದು. ಪರದೆಗೆ ಹತ್ತಿದ ಸೂಜಿಯು ತಿರುಗುವ ಮೇಣದ ಮೇಲೆ ಆ ನಡುಕವನ್ನು ಗೀರುವದು. ಮೇಣದಿಂದ ಲೋಹದ ಅಚ್ಚು. ಅಚ್ಚಿನಿಂದ ಅರಗು, ಕಲ್ಲಿನ ಪುಡಿ, ಕಾಡಿಗೆಗಳನ್ನು ಬೆರೆಸಿದ ಮುದ್ದೆಯ ಮೇಲೆ ಒತ್ತಿದ ತಟ್ಟೆ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷ, ಹನ್ನೆರಡು ಅಂಗುಲದ್ದರಲ್ಲಿ ನಾಲ್ಕು ನಿಮಿಷಕ್ಕೆ ಮಿಕ್ಕಿ ಹಾಡಲಿಕ್ಕಾಗದು. ತಪ್ಪಿದರೆ ತಿದ್ದುವ ಉಪಾಯವಿಲ್ಲ. ಆ ಮೇಣವನ್ನು ಬಿಟ್ಟು ಬೇರೆ ಮೇಣದ ಮೇಲೆ ಮೊದಲಿನಿಂದ ಹಾಡಬೇಕು. ಆದುದರಿಂದ ಅಂದಿನ ಒಂದೊಂದು ತಟ್ಟೆಯೂ ಒಂದೇ ಉಸಿರಿನಲ್ಲಿ, ಒಂದೇ ಸಲಕ್ಕೆ ನಡೆದ ಜೀವಂತವಾದ ಗಾಯನದ ಗುರುತು. ಅದರಲ್ಲಿ ಯಂತ್ರದ ಕಪಟವಿಲ್ಲ. ಹಾಗೆಯೇ ಯಂತ್ರದ ದಯೆಯೂ ಇಲ್ಲ.

ಒಂದು ರಾಗವನ್ನು ತಾಸುಗಟ್ಟಲೆ ಬಿಡಿಸುವ ವಾಡಿಕೆಯುಳ್ಳ ಗವಾಯಿಗೆ ಮೂರು ನಿಮಿಷಗಳ ಈ ಇಕ್ಕಟ್ಟು ಎಂಥದೆಂಬುದನ್ನು ವಾಚಕರೇ ಊಹಿಸಬಹುದು. ಆದರೂ ವಯಸ್ಸಾಗಿದ್ದ, ದೇಹವೂ ಮನಸ್ಸೂ ಬಳಲಿದ್ದ ರಹಿಮತಖಾನರು ಆ ಕೊಳವೆಯ ಮುಂದೆ ಮಾಲಕಂಸವನ್ನು ಹಾಡಿದರು. ಭೈರವಿಯಲ್ಲಿ 'ಜಮುನಾ ಕೇ ತೀರ' ಎಂಬ ಠುಮರಿಯನ್ನು ಹಾಡಿದರು. ಇಂದು ಅವುಗಳನ್ನು ಕೇಳುವವನಿಗೆ ಮೊದಲು ಸೂಜಿಯ ಗರಗರ ಸದ್ದು ಕೇಳುತ್ತದೆ. ತಂಬೂರಿಯು ಇದೆಯೋ ಇಲ್ಲವೋ ಎಂಬಷ್ಟು ದೂರ. ತಬಲೆಯು ಎಲ್ಲಿಯೋ ಗೋಡೆಯಾಚೆಗೆ ಬಡಿದಂತೆ. ಅವೆಲ್ಲವುಗಳನ್ನು ಸೀಳಿಕೊಂಡು ಕಂಠವೊಂದು ಮೇಲೇಳುತ್ತದೆ. ಅದು ದಪ್ಪವಾದ ಗರ್ಜನೆಯ ಕಂಠವಲ್ಲ. ಸಣ್ಣದಾಗಿ, ಮೇಲಿನ ಸ್ಥಾಯಿಯಲ್ಲಿ ನೇರವಾಗಿ ನಿಲ್ಲುವ, ಒತ್ತಡವಿಲ್ಲದೆ ಹರಿಯುವ ಕಂಠ. ತಾನುಗಳು ಮುತ್ತಿನ ಸರ ಹರಿದಂತೆ ಕ್ರಮವಾಗಿ ಉರುಳಿ ಬರುವವು. ವಯಸ್ಸಿನ ಆಯಾಸವು ಅಲ್ಲಲ್ಲಿ ತೋರಿದರೂ ಸ್ವರದ ಸ್ಥಾನವು ಎಲ್ಲಿಯೂ ಕದಲುವದಿಲ್ಲ.

ಇಲ್ಲಿ ಇತಿಹಾಸಕಾರನು ಒಂದು ಎಚ್ಚರವನ್ನು ವಹಿಸಬೇಕಾಗುತ್ತದೆ. ಹಳೆಯ ತಟ್ಟೆಗಳನ್ನು ನಿಮಿಷಕ್ಕೆ ೭೮ ಸುತ್ತುಗಳ ತಟ್ಟೆಗಳೆಂದು ಕರೆಯುವರಾದರೂ, ಗಾಳಿಯ ಕೊಳವೆಯ ಕಾಲದ ತಟ್ಟೆಗಳೆಲ್ಲ ಅದೇ ವೇಗದಲ್ಲಿ ಮುದ್ರಿತವಾದವುಗಳಲ್ಲ. ಕಡಿಮೆ ವೇಗದಲ್ಲಿ ಮುದ್ರಿಸಿದ್ದನ್ನು ಹೆಚ್ಚು ವೇಗದಲ್ಲಿ ತಿರುಗಿಸಿದರೆ ಗಾಯಕನ ಶ್ರುತಿಯು ಏರುವದು, ತಾನುಗಳು ಇದ್ದುದಕ್ಕಿಂತ ಚುರುಕಾಗುವವು, ಕಂಠವು ತೆಳುವಾಗುವದು. ಆದುದರಿಂದ 'ಹಿಂದಿನವರು ಎಷ್ಟು ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದರು' ಎಂದು ಬೆರಗಾಗುವ ಮೊದಲು ಯಂತ್ರದ ವೇಗವನ್ನು ಪರೀಕ್ಷಿಸುವದು ಯುಕ್ತ. ಶಾಸನವನ್ನು ಓದುವವನು ಸವೆದ ಅಕ್ಷರವನ್ನು ಹೇಗೆ ಸಂಶಯದಿಂದ ನೋಡುವನೋ ತಟ್ಟೆಯನ್ನು ಕೇಳುವವನೂ ಹಾಗೆಯೇ ಸಂಶಯದಿಂದ ಕೇಳಬೇಕು. ಆದರೆ ಸ್ವರದಿಂದ 

ಸ್ವರಕ್ಕೆ ಹೋಗುವ ರೀತಿ, ನಿಲ್ಲುವ ಠಾವು, ಮಾತನ್ನು ಸ್ವರದಲ್ಲಿ ಅದ್ದಿ ತೆಗೆಯುವ ಹದ—ಇವು ವೇಗದಿಂದ ಕೆಡುವಂಥವಲ್ಲ. ಅವುಗಳನ್ನು ಆಧಾರವಾಗಿಟ್ಟುಕೊಂಡು ಮುಂದಿನ ವಿಚಾರವನ್ನು ಮಾಡಬಹುದಾಗಿದೆ.

ಕುರುಂದವಾಡಕ್ಕೆ ಸಮೀಪದ ಮಿರಜದಲ್ಲಿ ಅದೇ ಕಾಲಕ್ಕೆ ಅಬ್ದುಲ ಕರೀಂಖಾನರು (೧೮೭೨-೧೯೩೭) ಮನೆಮಾಡಿದ್ದರು. ಉತ್ತರದ ಕೈರಾನಾ ಊರಿನವರಾದ ಇವರು ಬಡೋದೆಯ ದರಬಾರವನ್ನು ಬಿಟ್ಟು ದಕ್ಷಿಣಕ್ಕೆ ಬಂದವರು. ಮಿರಜದಲ್ಲಿ ರೋಗಪೀಡಿತರಾದಾಗ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಸೇವೆ ಮಾಡಿ ಗುಣಹೊಂದಿದೆನೆಂಬ ಶ್ರದ್ಧೆಯಿಂದ ಆ ಊರನ್ನೇ ತಮ್ಮದಾಗಿ ಮಾಡಿಕೊಂಡರು. ಹೀರಾಬಾಯಿ ಬಡೋದೇಕರರು ಹುಟ್ಟಿದ್ದು ೧೯೦೫ರಲ್ಲಿ ಇದೇ ಮಿರಜದಲ್ಲಿ. ಒಂದು ಕಾಲಕ್ಕೆ ಕತ್ತಿಗಳನ್ನು ಮಾಡುತ್ತಿದ್ದ ಶಿಕಲಗಾರ ಮನೆತನದವರು ತಂಬೂರಿ, ಸತಾರಗಳನ್ನು ಮಾಡುವದಕ್ಕೆ ಕೈಹಾಕಿ ಕೀರ್ತಿ ಪಡೆದ ಊರೂ ಇದೇ. ಆ ವಾದ್ಯಗಳಿಗೆ ೨೦೨೪ರಲ್ಲಿ ಸರಕಾರದ ಭೌಗೋಲಿಕ ಗುರುತೂ ದೊರೆತಿದೆ.

ಕರೀಂಖಾನರ ಗಾಯನದಲ್ಲಿ ಕಿರಾಣಾ ಮನೆತನದ ಆಲಾಪಕ್ಕೆ ರಹಿಮತಖಾನರ ಕಂಠದ ಮಾಧುರ್ಯವು ಬೆರೆತಿದೆಯೆಂಬುದು ಸಂಗೀತವಿಮರ್ಶಕರ ಸಾಮಾನ್ಯವಾದ ಅಭಿಪ್ರಾಯ. ಇಂಥ ಅಭಿಪ್ರಾಯಗಳಿಗೆ ಸಾಧಾರಣವಾಗಿ ಹಿರಿಯರ ನೆನಪೇ ಆಧಾರ, ನೆನಪು ಸುಳ್ಳಾಡುವದುಂಟು. ಆದರೆ ಇಲ್ಲಿ ಒಂದು ಪ್ರತ್ಯಕ್ಷ ಪ್ರಮಾಣವಿದೆ. 'ಜಮುನಾ ಕೇ ತೀರ'ವನ್ನು ಕರೀಂಖಾನರೂ ತಟ್ಟೆಯ ಮೇಲೆ ಹಾಡಿದ್ದಾರೆ. ೧೯೩೦ರ ದಶಕದಲ್ಲಿ ಓಡಿಯನ್ ಕಂಪನಿಯವರು ಹೊರಡಿಸಿದ ಅವರ ತಟ್ಟೆಗಳಲ್ಲಿ ಅತ್ಯಂತ ಜನಪ್ರಿಯವಾದವುಗಳಲ್ಲಿ ಅದೂ ಒಂದು. ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಕೇಳಿದವನಿಗೆ ಬೇರೆ ಸಾಕ್ಷಿಯು ಬೇಕಾಗುವದಿಲ್ಲ. ಮೊದಲನೆಯದು ಗಾಳಿಯ ಕೊಳವೆಯದು, ಎರಡನೆಯದು ವಿದ್ಯುತ್ತಿನ ಯಂತ್ರದ್ದು. ಮೊದಲನೆಯವರು ಗ್ವಾಲಿಯರದವರು, ಎರಡನೆಯವರು ಕಿರಾಣಾದವರು. ಆದರೂ ಭೈರವಿಯ ಸ್ವರದ ಮೇಲೆ ಕಂಠವನ್ನು ಹಗುರಾಗಿ ತೇಲಬಿಡುವ ರೀತಿಯು ಒಂದೇ ಮನೆಯದು. ಎರಡು ಶಾಸನಗಳ ಲಿಪಿಯನ್ನು ಹೋಲಿಸಿ ಕಾಲನಿರ್ಣಯ ಮಾಡುವಂತೆ ಎರಡು ತಟ್ಟೆಗಳನ್ನು ಹೋಲಿಸಿ ಗಾಯನದ ವಂಶಾವಳಿಯನ್ನು ನಿರ್ಣಯಿಸುವ ಅವಕಾಶವು ಹೀಗೆ ಒದಗಿದೆ.

ಈ ವಂಶಾವಳಿಯ ಮುಂದಿನ ಕವಲುಗಳು ಕನ್ನಡನಾಡಿನಲ್ಲಿ ಹಬ್ಬಿದವು. ಕರೀಂಖಾನರ ಪಟ್ಟಶಿಷ್ಯರು ಕುಂದಗೋಳದ ರಾಮಚಂದ್ರರಾಯರು, ಅಂದರೆ ಸವಾಯಿ ಗಂಧರ್ವರು (೧೮೮೬-೧೯೫೨). ಅವರ ಶಿಷ್ಯರಲ್ಲಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ವಿಶ್ವವಿಖ್ಯಾತರಾದರು. ಕರೀಂಖಾನರ ಒಂದು ತಟ್ಟೆಯನ್ನು ಬಾಲ್ಯದಲ್ಲಿ ಕೇಳಿ, ಹಾಗೆ ಹಾಡುವದನ್ನು ಕಲಿಯಬೇಕೆಂಬ ಹಂಬಲದಿಂದ ತಾವು ಗದಗಿನ ಮನೆಯನ್ನು ಬಿಟ್ಟು ಓಡಿದುದಾಗಿ ಭೀಮಸೇನರೇ ಹೇಳಿಕೊಂಡಿದ್ದರು. ೨೦೦೮ರಲ್ಲಿ ಅವರಿಗೆ ಭಾರತರತ್ನವು ಸಂದಿತು. ಆ ಕೀರ್ತಿಯ ಸರಪಳಿಯನ್ನು ಹಿಂದೆ ಹಿಂದೆ ಹಿಡಿದು ನಡೆದರೆ ಕುಂದಗೋಳಕ್ಕೆ, ಅಲ್ಲಿಂದ ಮಿರಜಕ್ಕೆ, ಮಿರಜದಿಂದ ಒಂದು ಎಳೆಯು ಕುರುಂದವಾಡದ ಸರ್ಕಸ್ಸಿನ ಮನೆಗೆ ಹೋಗಿ ಮುಟ್ಟುತ್ತದೆ. ಶಿಷ್ಯರನ್ನು ಮಾಡಿಕೊಳ್ಳದ ಗವಾಯಿಯೊಬ್ಬರು ಕೇಳಿದವರ ಕಿವಿಯ ಮೂಲಕವೇ ಪರಂಪರೆಯನ್ನು ಮಾಡಿದರು. ಆ ಪರಂಪರೆಯಲ್ಲಿ ಅವರ ಹೆಸರು ಮಾತ್ರ ಸೇರಲಿಲ್ಲ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಉದಾಹರಣೆಯು ಕೊಲ್ಹಾಪುರದ್ದು. ನಿಪ್ಪಾಣಿಯಿಂದ ಸುಮಾರು ನಾಲ್ವತ್ತು ಕಿಲೋಮೀಟರು ದೂರದ ಆ ರಾಜಧಾನಿಯಲ್ಲಿ ಶಾಹು ಮಹಾರಾಜರ ಆಶ್ರಯದಲ್ಲಿದ್ದವರು ಅಲ್ಲಾದಿಯಾಖಾನರು (೧೮೫೫-೧೯೪೬). ರಾಯಬಾಗದ ರೈತನು ಕಂದಾಯ ಕೊಟ್ಟ ಸಂಸ್ಥಾನವೇ ಈ ಗಾನಸಮ್ರಾಟರನ್ನು ಸಾಕಿತೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಅವರು ತೊಂಬತ್ತು ವರ್ಷಗಳಿಗೆ ಮಿಕ್ಕಿ ಬಾಳಿದರು. ತಟ್ಟೆಗಳು ಊರೂರಿನ ಅಂಗಡಿಗಳಲ್ಲಿ ಮಾರುವ ಕಾಲವನ್ನು ಕಣ್ಣಾರೆ ಕಂಡರು. ಆದರೂ ತಮ್ಮ ಗಾಯನದ ಒಂದು ತಟ್ಟೆಯನ್ನೂ ಬಿಟ್ಟುಹೋಗಲಿಲ್ಲ. ಕಷ್ಟಪಟ್ಟು ಗಳಿಸಿದ ವಿದ್ಯೆಯು ಕದ್ದು ಕಲಿಯುವವರ ಪಾಲಾಗಬಾರದೆಂಬ ಎಣಿಕೆಯು ಅಂದಿನ ಅನೇಕ ಉಸ್ತಾದರಲ್ಲಿದ್ದಿತು. ಇಂದು ಅಲ್ಲಾದಿಯಾಖಾನರ ಕಂಠವು ಹೇಗಿದ್ದಿತೆಂದು ಹೇಳುವವರು ಯಾರೂ ಇಲ್ಲ.

ಆದರೆ ಅವರ ವಿದ್ಯೆಯು ಅಳಿಯಿತೇ? ಇಲ್ಲ. ಅವರು ವರ್ಷಗಟ್ಟಲೆ ಕುಳಿತು ಕಲಿಸಿದ ಶಿಷ್ಯರಿದ್ದರು: ಮಕ್ಕಳಾದ ಮಂಜೀಖಾನರು ಮತ್ತು ಭೂರ್ಜೀಖಾನರು, ಕೇಸರಬಾಯಿ ಕೇರಕರ, ಮೋಗೂಬಾಯಿ ಕುರ್ಡೀಕರ. ಧಾರವಾಡ ಸೀಮೆಯ ಮಲ್ಲಿಕಾರ್ಜುನ ಮನಸೂರರು (೧೯೧೦-೧೯೯೨) ಮೊದಲು ಮಿರಜದ ನೀಲಕಂಠಬುವಾ ಅಲೂರಮಠರಲ್ಲಿ ಗ್ವಾಲಿಯರದ ಪದ್ಧತಿಯನ್ನು ಕಲಿತು, ಆಮೇಲೆ ಮಂಜೀಖಾನರಲ್ಲಿಯೂ ಅವರು ೧೯೩೭ರಲ್ಲಿ ತೀರಿಕೊಂಡ ಬಳಿಕ ಭೂರ್ಜೀಖಾನರಲ್ಲಿಯೂ ಈ ಅಪರೂಪದ ರಾಗಗಳ ಭಾಂಡಾರವನ್ನು ಪಡೆದರು. ಕೇಸರಬಾಯಿಯವರು ಭೈರವಿಯಲ್ಲಿ ಹಾಡಿದ ಒಂದು ಚೀಜು ೧೯೭೭ರಲ್ಲಿ ಅಮೇರಿಕೆಯವರು ಹಾರಿಸಿದ ವಾಯೇಜರ್ ನೌಕೆಗಳ ಬಂಗಾರದ ತಟ್ಟೆಯ ಮೇಲೆ ಸೇರಿ ಸೂರ್ಯಮಂಡಲದ ಆಚೆಗೆ ಸಾಗುತ್ತಿದೆ. ತಟ್ಟೆಯನ್ನು ದೂರವಿಟ್ಟ ಗುರುವಿನ ವಿದ್ಯೆಯು ಶಿಷ್ಯೆಯ ತಟ್ಟೆಯ ಮೂಲಕ ನಕ್ಷತ್ರಲೋಕಕ್ಕೆ ಹೊರಟದ್ದು ವಿಧಿಯ ವಿನೋದವಾಗಿದೆ.

ಹೀಗೆ ಈ ಒಂದೇ ಸೀಮೆಯಲ್ಲಿ ಮೂರು ಬಗೆಯ ಗತಿಗಳು ಕಾಣುತ್ತವೆ. ಕರೀಂಖಾನರಿಗೆ ಶಿಷ್ಯರೂ ಇದ್ದರು, ತಟ್ಟೆಗಳೂ ಇದ್ದವು. ಅಲ್ಲಾದಿಯಾಖಾನರಿಗೆ ಶಿಷ್ಯರಿದ್ದರು, ತಟ್ಟೆಗಳಿರಲಿಲ್ಲ. ರಹಿಮತಖಾನರಿಗೆ ಶಿಷ್ಯರಿರಲಿಲ್ಲ, ಕೆಲವು ತಟ್ಟೆಗಳಿದ್ದವು. ಇವುಗಳನ್ನು ತೂಗಿ ನೋಡಿದರೆ ಒಂದು ಸತ್ಯವು ಸ್ಪಷ್ಟವಾಗುವದು. ತಟ್ಟೆಯು ಕಂಠವನ್ನು ಉಳಿಸಬಲ್ಲದು, ವಿದ್ಯೆಯನ್ನು ಉಳಿಸಲಾರದು. ಶಿಷ್ಯನು ವಿದ್ಯೆಯನ್ನು ಉಳಿಸಬಲ್ಲನು, ಕಂಠವನ್ನು ಉಳಿಸಲಾರನು. ಗುರುಪರಂಪರೆಯೊಂದಿದ್ದರೆ ಯಂತ್ರವೇಕೆಂದು ಕೇಳುವವರಿಗೂ, ಯಂತ್ರವೊಂದಿದ್ದರೆ ಗುರುವೇಕೆಂದು ಕೇಳುವವರಿಗೂ ಈ ಮೂವರ ಚರಿತ್ರೆಯೇ ಉತ್ತರ. ಮತ್ತು ಶಿಷ್ಯರಿಲ್ಲದ ಕಲಾವಿದನ ವಿಷಯದಲ್ಲಿ ಆ ಒಡೆಯುವ ತಟ್ಟೆಯೇ ಪುತ್ರ, ಅದೇ ಶ್ರಾದ್ಧ.

ಇನ್ನು ನಾಲ್ಕನೆಯದೊಂದು ಗತಿಯುಂಟು. ಅದು ಶಿಷ್ಯರೂ ತಟ್ಟೆಯೂ ಎರಡೂ ಇಲ್ಲದವರದು. ಕಂಪನಿಯವರು ವ್ಯಾಪಾರಿಗಳು, ಮಾರಾಟವಾಗುವದೆಂಬ ಭರವಸೆಯಿದ್ದದ್ದನ್ನೇ ಅವರು ಮುದ್ರಿಸಿದರು. ಹಳ್ಳಿಯ ಜಾತ್ರೆಯಲ್ಲಿ ಕರಡಿ ಮಜಲು ಬಾರಿಸಿದವರು, ಶ್ರೀಕೃಷ್ಣ ಪಾರಿಜಾತದಲ್ಲಿ ರಾತ್ರಿ ಬೆಳಗಾಗುವವರೆಗೆ ಹಾಡಿದವರು, ಮಠದ ಭಜನೆಯಲ್ಲಿ ಏಕತಾರಿ ಹಿಡಿದು ತತ್ತ್ವಪದಗಳನ್ನು ಹೇಳಿದವರು—ಇವರಲ್ಲಿ ಹೆಚ್ಚಿನವರ ಕಂಠವು ಗಾಳಿಯಲ್ಲಿಯೇ ಹೋಯಿತು. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ನೂರು ವರ್ಷಗಳ ಹಿಂದೆ ಡೊಳ್ಳಿನ ಮೇಳವು ಹೇಗೆ ಮೊಳಗುತ್ತಿದ್ದಿತೆಂದು ಇಂದು ಕೇಳಲಾಗದು. ರಹಿಮತಖಾನರ ಭಾಗ್ಯವನ್ನು ನೆನೆಯುವಾಗ ಈ ನಿರ್ಭಾಗ್ಯರನ್ನೂ ನೆನೆಯುವದು ನ್ಯಾಯ. ಅವರಿಗೂ ಇವರಿಗೂ ನಡುವಿನ ಅಂತರವು ವಿದ್ಯೆಯದಕ್ಕಿಂತ ಹೆಚ್ಚಾಗಿ ಆಶ್ರಯದ್ದು. ಕಾಶಿಯ ಬೀದಿಯಲ್ಲಿ ಹಾಡನ್ನು ಗುರುತಿಸಿ ಕೈಹಿಡಿದ ಒಬ್ಬ ಛತ್ರೆ ಇಲ್ಲದಿದ್ದರೆ ಭೂಗಂಧರ್ವರೂ ಅದೇ ಸಾಲಿಗೆ ಸೇರುತ್ತಿದ್ದರು.

ರಹಿಮತಖಾನರು ಯಾರವರೆಂದು ಕೇಳುವವರೂ ಇರಬಹುದು. ಅವರ ಮನೆತನವು ಗ್ವಾಲಿಯರದ್ದು, ಧರ್ಮವು ಇಸ್ಲಾಮು, ಹಾಡಿನ ಭಾಷೆಯು ಬ್ರಜ, ಆಶ್ರಯ ಕೊಟ್ಟವರು ಮರಾಠೀ ಬ್ರಾಹ್ಮಣರು, ಅವರ ಕಂಠದ ಫಲವನ್ನು ಉಂಡವರು ಕನ್ನಡಿಗರು. ಗಡಿಯ ವಾದದಲ್ಲಿ ಊರುಗಳನ್ನು ಹಂಚಬಹುದು. ಇಂಥವರನ್ನು ಹಂಚುವ ಬಗೆಯಿಲ್ಲ. ಕೃಷ್ಣೆಯ ನೀರು ಕುರುಂದವಾಡದ ಬಳಿಯಲ್ಲಿ ಒಬ್ಬರದು, ಯಡೂರಿನಲ್ಲಿ ಇನ್ನೊಬ್ಬರದು ಎಂದಾಗುವದಾದರೆ ಈ ಗಾಯನವೂ ಹಾಗಾದೀತು.

ಇಷ್ಟು ಹೇಳಿದ ಮೇಲೆ ಮಾಡತಕ್ಕ ಕಾರ್ಯವೂ ಇದೆ. ತಂಬಾಕಿನ ವ್ಯಾಪಾರದಿಂದ ಸಂಪನ್ನವಾದ ನಿಪ್ಪಾಣಿಯಲ್ಲಿಯೂ ಚಿಕ್ಕೋಡಿ ಅಥಣಿಗಳ ಹಳೆಯ ವಾಡೆಗಳಲ್ಲಿಯೂ ಅಟ್ಟದ ಮೇಲೆ ಅರಗಿನ ತಟ್ಟೆಗಳು ಧೂಳು ತಿನ್ನುತ್ತಿರಬಹುದು. ಅವುಗಳನ್ನು ರದ್ದಿಯೆಂದು ಮಾರುವ ಮೊದಲು ಹೆಸರನ್ನು ಓದಿ ನೋಡುವದು ಪ್ರತಿಯೊಂದು ಸುಶಿಕ್ಷಿತ ಮನೆತನದ ಕರ್ತವ್ಯ. ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನಿಲ್ಲಿಸಿ ಇಡಬೇಕು, ಬಿಸಿಲು ತಗುಲಬಾರದು, ಸ್ಪಿರಿಟ್ಟಿನಿಂದ ಒರೆಸಲೇಬಾರದು, ಏಕೆಂದರೆ ಅರಗು ಅದರಲ್ಲಿ ಕರಗಿಹೋಗುವದು. ಹಳೆಯ ಪೆಟ್ಟಿಗೆಯ ಉಕ್ಕಿನ ಸೂಜಿಯಿಂದ ಮತ್ತೆ ಮತ್ತೆ ನುಡಿಸಿದರೆ ಗೀರುಗಳು ಸವೆಯುವವು. ಬಲ್ಲವರಿಂದ ಒಮ್ಮೆ ಹೊಸ ಯಂತ್ರದ ಮೇಲೆ ಪ್ರತಿಮಾಡಿಸಿ ಮೂಲವನ್ನು ಜೋಪಾನವಾಗಿಡುವದು ಮೇಲು. ಸಂಗೀತದ ಧ್ವನಿಗಳನ್ನು ಸಂಗ್ರಹಿಸುವ ಸಲುವಾಗಿ ೧೯೮೨ರಲ್ಲಿ ಸ್ಥಾಪಿತವಾಗಿ ದಿಲ್ಲಿಯ ಬಳಿಯ ಗುರುಗಾಂವದಲ್ಲಿರುವ ಸಂಸ್ಥೆಯಂಥವು ದೇಶದಲ್ಲಿವೆ. ಜಿಲ್ಲೆಯ ಸಾಹಿತ್ಯ ಸಂಘಗಳೂ ವಾಚನಾಲಯಗಳೂ ಅಂಥ ಕಾರ್ಯವನ್ನು ಸಣ್ಣ ಪ್ರಮಾಣದಲ್ಲಿಯಾದರೂ ಮೊದಲು ಮಾಡಬಹುದು. ಇಂದು ಕಿಸೆಯಲ್ಲಿಯ ದೂರವಾಣಿಯೇ ಧ್ವನಿಮುದ್ರಣದ ಯಂತ್ರವಾಗಿರುವಾಗ, ಇನ್ನೂ ಬದುಕಿರುವ ಪಾರಿಜಾತದವರನ್ನೂ ಡೊಳ್ಳಿನ ಮೇಳದವರನ್ನೂ ಅವರ ಹೆಸರು, ಊರು, ದಿನಾಂಕಗಳ ಸಹಿತ ಮುದ್ರಿಸಿಡದಿರುವದಕ್ಕೆ ಯಾವ ನೆವವೂ ಉಳಿದಿಲ್ಲ. ರಹಿಮತಖಾನರಿಗೆ ಕಂಪನಿಯು ಕೊಟ್ಟದ್ದು ಕೆಲವೇ ನಿಮಿಷಗಳು. ಅವಾದರೂ ದೊರೆತದ್ದರಿಂದ ಒಬ್ಬ ಗುರುವಿನ ಮಗನು ಇತಿಹಾಸದಲ್ಲಿ ಉಳಿದನು.